ಹಾವಗೆಪ್ಪ ಕಾಕಾನ ಆಕಳು ಎಲುಬು ಕಡಿಯುವುದಿಲ್ಲ

ಹಾವಗೆಪ್ಪ ಕಾಕಾ ಎಂಥ ಮನುಷ್ಯ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ಸಿಟ್ಟಿನದನ್ನು ಮೊದಲು ಹೇಳಿ ಮುಗಿಸಿಬಿಡೋಣ ಎಂದುಕೊಳ್ಳುತ್ತೇನೆ. ಆದರೆ ಅವರ ಕಥೆ ಹಾಗೆ ಎರಡು ಪಾಲಾಗಿ ಬರುವುದಿಲ್ಲ.

ನಾನು ಸಂಘಪಾಲ. ಭಾಲ್ಕಿ ತಾಲ್ಲೂಕಿನವನು, ಪಶು ಇಲಾಖೆಯಲ್ಲಿ ಜಾನುವಾರು ಪರೀಕ್ಷಕ. ಔರಾದ ತಾಲ್ಲೂಕಿಗೆ ವರ್ಗವಾಗಿ ಬಂದು ಆರು ವರ್ಷವಾಯಿತು. ಕಾಗದದ ಪ್ರಕಾರ ನಾನು ಡಾಕ್ಟರ್ ಅಲ್ಲ. ಆದರೆ ದನ ಬಿದ್ದ ಮನೆಯವರಿಗೆ ನನ್ನ ಕಾಗದ ನೋಡುವ ಪುರುಸೊತ್ತು ಎಲ್ಲಿರುತ್ತದೆ? ಚಿಂತಾಕಿ ಬದಿಯ ಎಂಟು ಹಳ್ಳಿಗಳಿಗೆ ನಾನೇ ಡಾಕ್ಟರ್, ನಾನೇ ಕಂಪೌಂಡರ್. ಅವುಗಳಲ್ಲಿ ಒಂದು ಸಣ್ಣ ವಾಡಿ ಹಾವಗೆಪ್ಪ ಕಾಕಾನದು. ವಾಡಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ನಾಲ್ಕು ಜನ ಮೋಟಾರ್‌ಸೈಕಲ್ ಹತ್ತಿ ಜಗಳಕ್ಕೆ ಬರುತ್ತಾರೆ.

ಇದೆಲ್ಲ ನಡೆದಾಗ ಕಾಕಾಗೆ ಅರವತ್ತಮೂರು. ಸಣಕಲು ಮೈ, ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಪೂಜೆ ಮುಗಿಯದೆ ಒಂದು ಗುಟುಕು ಚಹಾ ಕುಡಿದವರಲ್ಲ. ಮಗಳು ಬಸವೇಶ್ವರಿ ಬೀದರಿನಲ್ಲಿ ಟೀಚರ್. ಮನೆಯಲ್ಲಿ ಕಾಕಾ ಮತ್ತು ಅವರ ಹೆಂಡತಿ ಶಿವಕಾಂತಾ, ನಾನು ಕಾಕಿ ಎನ್ನುವುದು. ಎರಡು ಎಕರೆ ಎರೆ ಹೊಲವಿತ್ತು, ಊಟ ಬಟ್ಟೆಗೆ ಏನೂ ಕಮ್ಮಿ ಇರಲಿಲ್ಲ. ಆದರೆ ಅವರ ಜೀವವೆಲ್ಲ ಇದ್ದದ್ದು ಕೊಟ್ಟಿಗೆಯಲ್ಲಿ.

ಕೊಟ್ಟಿಗೆಯಲ್ಲಿ ಇದ್ದವು ದೇವಣಿ ಆಕಳುಗಳು, ನಮ್ಮ ಕಡೆಯ ತಳಿ. ಕಾಕಿ ಮದುವೆಯಾಗಿ ಕಮಠಾಣದ ತವರಿನಿಂದ ಬರುವಾಗ ಅವರ ಅಪ್ಪ ಒಂದು ಕರು ಹಿಂದೆ ಕಟ್ಟಿ ಕಳಿಸಿದ್ದರಂತೆ. ಆ ಕರುವಿನ ಮೊಮ್ಮಗಳೋ ಮರಿಮಗಳೋ ಈ ಚಾಂದಣಿ. ಮೈಯೆಲ್ಲ ಬಿಳಿ, ಮುಖದ ಎರಡು ಪಕ್ಕ ಮಾತ್ರ ಕರಿ, ಜೋತುಬಿದ್ದ ಉದ್ದ ಕಿವಿ. ಭಾಲ್ಕಿಯ ದನಗಳ ಪ್ರದರ್ಶನದಲ್ಲಿ ಅದಕ್ಕೆ ಒಮ್ಮೆ ಬಹುಮಾನ ಬಂದಿತ್ತು. ಅದಕ್ಕೆ ಹುಟ್ಟಿದ ಎರಡು ಹೆಣ್ಣು ಬೆಳೆದು ಆಕಳಾಗಿದ್ದವು. ಮನೆಯಲ್ಲಿ ಅವುಗಳನ್ನು ದೊಡ್ಡದು, ನಡುವಿಂದು ಎಂದೇ ಕರೆಯುವುದು. ಪ್ರತಿ ಸೋಮವಾರ ಊರ ಬಸವಣ್ಣನ ಗುಡಿಯ ಅಭಿಷೇಕಕ್ಕೆ ಈ ಮನೆಯ ಹಾಲೇ ಹೋಗಬೇಕು, ಬೇರೆಯವರ ಮನೆಯದು ನಡೆಯುತ್ತಿರಲಿಲ್ಲ.

"ಪೂಜಿ ಆಗೂತನಕಾ ನಮ್ಮ ಚಾಂದಣಿ ಮೇವಿಗಿ ಬಾಯಿ ಹಾಕಂಗಿಲ್ರಿ ಸಾಹೇಬ್ರ" ಎಂದು ಕಾಕಾ ಒಮ್ಮೆ ನನಗೆ ಹೇಳಿದ್ದರು.

"ನಿಮ್ಕಿಂತಾ ಮಡಿ ಆತು ನೋಡ್ರಿ ಕಾಕಾ ಅದು" ಎಂದೆ.

"ನಗಬ್ಯಾಡ್ರಿ. ಖರೇ ಹೇಳ್ತೇನಿ" ಎಂದು ಮುಖ ಬಿಗಿದುಕೊಂಡರು. ಆಕಳ ವಿಷಯದಲ್ಲಿ ಅವರ ಜೊತೆ ಚೇಷ್ಟೆ ನಡೆಯುತ್ತಿರಲಿಲ್ಲ.

ವಾಡಿಯ ಹಿಂದೆ ಗಾಯರಾಣವಿದೆ, ಊರ ದನ ಮೇಯಲೆಂದು ಬಿಟ್ಟ ಸರಕಾರಿ ಜಾಗ. ಕೆಳಗಿನ ಹೊಲಗಳೆಲ್ಲ ಕಪ್ಪು ಎರೆ ಮಣ್ಣು, ಗಾಯರಾಣ ಮಾತ್ರ ಕೆಂಪು ಗರಸು ಮೊರಂ ದಿಬ್ಬ. ಮೊದಲು ಹೊಲಗಳಲ್ಲಿ ಜೋಳ ಬೆಳೆಯುತ್ತಿದ್ದರು, ಅದರ ಒಣದಂಟು ಕಣಿಕಿ ದನಕ್ಕೆ ವರ್ಷವಿಡೀ ಸಿಗುತ್ತಿತ್ತು. ಈಗ ಎಲ್ಲಿ ನೋಡಿದರೂ ಸೋಯಾಬೀನ್. ಅದರ ಹೊಟ್ಟು ಎರಡು ತಿಂಗಳಿಗೆ ಮುಗಿದುಹೋಗುತ್ತದೆ. ಉಳಿದ ಹತ್ತು ತಿಂಗಳು ದನಗಳು ಆ ಕೆಂಪು ದಿಬ್ಬದ ಹುಲ್ಲಿನ ಮೇಲೆಯೇ ಜೀವ ಹಿಡಿಯಬೇಕು. ಹುಲ್ಲೇನೋ ಮೊಣಕಾಲೆತ್ತರ ಬೆಳೆಯುತ್ತದೆ. ನೋಡಿದವರಿಗೆ ಇದಕ್ಕಿಂತ ಚೆಂದದ ಮೇವು ಬೇಕೇ ಎನಿಸಬೇಕು, ನನಗೂ ಹಾಗೇ ಅನಿಸುತ್ತಿತ್ತು.

2022ರ ಮೇ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಡುತ್ತಿತ್ತು. ಕಾಕಾನ ಫೋನ್ ಬಂತು.

"ಸಾಹೇಬ್ರ, ಚಾಂದಣಿ ಏಳವಲ್ದ್ರಿ. ಜಲ್ದಿ ಬರ್ರಿ."

ಹೋಗಿ ನೋಡಿದೆ. ಚಾಂದಣಿ ಕರು ಹಾಕಿ ಒಂದೂವರೆ ತಿಂಗಳಾಗಿತ್ತು. ಆ ಹೆಣ್ಣುಗರುವಿಗೆ ಬೆಳ್ಳಿ ಎಂದು ಹೆಸರಿಟ್ಟಿದ್ದರು. ಅದು ಮೂಲೆಯಲ್ಲಿ ಹಗ್ಗ ಜಗ್ಗುತ್ತ ಒದರುತ್ತಿತ್ತು. ಚಾಂದಣಿ ಕೊಟ್ಟಿಗೆಯ ನಡುವೆ ಬಿದ್ದಿತ್ತು. ಜ್ವರ ನೋಡಿದೆ, ಇರಲಿಲ್ಲ. ಹಿಂಗಾಲು ಮುಟ್ಟಿದರೆ ಬಿಗುವೇ ಇಲ್ಲ. ಕಣ್ಣು ಮಾತ್ರ ತಿಳಿಯಾಗಿ ತೆರೆದು, ಯಾರು ಬಂದರು ಯಾರು ಹೋದರು ಎಂದು ನೋಡುತ್ತಿತ್ತು. ಬಾಯಿ ತೆರೆದು ನಾಲಿಗೆ ಹೊರಗೆ ಎಳೆದೆ. ಎಳೆದ ನಾಲಿಗೆ ಒಳಗೆ ಹೋಗಲಿಲ್ಲ, ಹಾಗೇ ಜೋತುಬಿತ್ತು.

ಹೊಸದಾಗಿ ಕರು ಹಾಕಿದ ಆಕಳು ಬಿದ್ದರೆ ನಾವು ಮೊದಲು ಏರಿಸುವುದು ಕ್ಯಾಲ್ಸಿಯಂ. ಏರಿಸಿ ಅರ್ಧ ತಾಸು ಕಾದೆ. ಸುಣ್ಣದ ಕೊರತೆಯಾಗಿದ್ದರೆ ಅಷ್ಟರಲ್ಲಿ ಆಕಳು ಎದ್ದು ನಿಲ್ಲಬೇಕು. ಇದು ಕಿವಿ ಸಹ ಅಲ್ಲಾಡಿಸಲಿಲ್ಲ. ಆಗ ನನಗೆ ಗುಮಾನಿ ಹತ್ತಿತು. ತರಬೇತಿಯಲ್ಲಿ ಹೇಳಿಕೊಟ್ಟ ಒಂದು ರೋಗವಿದೆ. ಸತ್ತ ದನದ ಎಲುಬು ಕಡಿಯುವ ಆಕಳುಗಳಿಗೆ ಅದು ಬರುತ್ತದೆ. ಕೊಳೆತ ಹೆಣದಲ್ಲಿ ಹುಟ್ಟುವ ವಿಷ ಎಲುಬಿಗೆ ಅಂಟಿಕೊಂಡಿರುತ್ತದೆ, ಅದು ಹೊಟ್ಟೆಗೆ ಹೋದರೆ ಕಾಲು, ನಾಲಿಗೆ, ಕೊನೆಗೆ ಉಸಿರು ಎಲ್ಲ ನಿಂತುಹೋಗುತ್ತವೆ.

"ಕಾಕಾ, ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಚಾಂದಣಿ ಗಾಯರಾಣದಾಗ ಎಲುಬು ಗಿಲುಬು ಏನಾರ ಕಡೀತದೇನ್ರಿ?"

ಕಾಕಾನ ಮುಖ ಕೆಂಪಾಯಿತು. "ಏನಂದ್ರಿ?"

"ಕಡೀತಿದ್ರ ಈಗೇ ಹೇಳ್ರಿ. ಇದು ಹೋದ್ರೂ ಉಳಿದವ್ನ ಉಳಸ್ಬೌದು."

"ನಮ್ಮ ಮನ್ಯಾಗ ಸೋಮವಾರ ಉಳ್ಳಾಗಡ್ಡಿ ಸುದ್ದಾ ಹೆಚ್ಚಂಗಿಲ್ರಿ ಸಾಹೇಬ್ರ. ನಮ್ಮ ಆಕಳು ಎಲುಬ್ ಕಡೀತದಾ? ಯಾರ್ ಹೇಳ್ಯಾರ ನಿಮ್ಗ?"

"ಯಾರೂ ಹೇಳಿಲ್ರಿ. ನಾನೇ ಕೇಳ್ಲಕತ್ತೇನಿ."

"ಇಲ್ಲ" ಎಂದರು. ಲಿಂಗದ ಮೇಲೆ ಕೈ ಇಟ್ಟುಕೊಂಡು ಇನ್ನೊಮ್ಮೆ "ಇಲ್ರಿ" ಎಂದರು. ಕೊಟ್ಟಿಗೆಯ ಬಾಗಿಲಲ್ಲಿ ಕಾಕಿ ತಂಬಿಗೆ ಹಿಡಿದು ನಿಂತಿದ್ದರು. ಏನೋ ಹೇಳಲು ಬಂದವರಂತೆ ಒಂದು ಹೆಜ್ಜೆ ಇಟ್ಟರು. ಕಾಕಾ ತಿರುಗಿ ನೋಡಿದ್ದೇ ತಡ, ತಂಬಿಗೆಯನ್ನು ನನ್ನ ಮುಂದಿಟ್ಟು ಹಿಂದೆ ಸರಿದರು.

ಗೋಡೆಯ ಮೊಳೆಗೆ ಒಂದು ಬಾಯಿಕುಕ್ಕಿ ತೂಗುಹಾಕಿದ್ದರು. ಹಗ್ಗದಿಂದ ಹೆಣೆದ ಬುಟ್ಟಿ ಅದು, ಎಡೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕದಿರಲೆಂದು ಮುಸುಡಿಗೆ ಕಟ್ಟುತ್ತಾರೆ. ಕಾಕಾನ ಮನೆಯಲ್ಲಿ ಎತ್ತೇ ಇರಲಿಲ್ಲ. ಹೊಲವನ್ನು ಪಕ್ಕದ ಮನೆಯ ಟ್ರ್ಯಾಕ್ಟರ್ ಉಳುತ್ತಿತ್ತು. ಎತ್ತಿಲ್ಲದ ಮನೆಯಲ್ಲಿ ಬಾಯಿಕುಕ್ಕಿ ಯಾಕೆ ಎಂದು ನನ್ನ ದರಿದ್ರ ತಲೆಗೆ ಹೊಳೆಯಬೇಕಿತ್ತು, ಕಣ್ಣೆದುರಿಗೇ ಇತ್ತಲ್ಲ! ಹೊಳೆಯಲಿಲ್ಲ. ಹಿರಿಯ ಮನುಷ್ಯ, ಲಿಂಗ ಮುಟ್ಟಿ ಹೇಳಿದ್ದಾರೆ, ನಂಬಿದೆ. ಬೇರೆ ಏನೇನೋ ಔಷಧ ಚುಚ್ಚಿದೆ.

ಮೂರನೆಯ ದಿನ ಚಾಂದಣಿ ಸತ್ತಿತು. ಕೊನೆಯ ತನಕ ಕಣ್ಣು ತೆರೆದೇ ಇತ್ತು. ಕಾಕಾ ಒದ್ದೆ ಅರಿವೆಯಿಂದ ಅದರ ಮೂಗು ಒರೆಸುತ್ತ ಕುಳಿತಿದ್ದರು. ಸತ್ತ ಮೇಲೂ ಸ್ವಲ್ಪ ಹೊತ್ತು ಒರೆಸುತ್ತಲೇ ಇದ್ದರು.

ಇನ್ನು ನನ್ನ ತಪ್ಪು. ಅದನ್ನು ಮುಚ್ಚಿಟ್ಟು ಕಾಕಾನದನ್ನು ಮಾತ್ರ ಹೇಳಿದರೆ ನನಗೆ ಅನ್ನ ಸೇರುವುದಿಲ್ಲ.

ಪಕ್ಕದ ಮನೆಯ ಸಿದ್ದೇಶ್ವರ, ಆ ಟ್ರ್ಯಾಕ್ಟರ್‌ನ ಮಾಲೀಕ, ಹೆಣ ನೋಡಲು ಬಂದವನು ನನ್ನ ಕಡೆ ತಿರುಗಿ ಸಹಜವಾಗಿ ಹೇಳಿದ: "ಸಾಹೇಬ್ರ, ಔರಾದದಾಗ ನಿಮ್ ಮಂದಿ ಯಾರಾರ ಇದ್ರ ಒಂದ್ ಫೋನ್ ಹಚ್ಚ್ರಿ. ಬಂದ್ ಒಯ್ತಾರ."

ನಿಮ್ ಮಂದಿ! ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಅಜ್ಜ ಗೋರಖನಾಥ ಬೌದ್ಧ ದೀಕ್ಷೆ ತೆಗೆದುಕೊಂಡ ದಿನವೇ ಸತ್ತ ದನ ಎಳೆಯುವ ಕೆಲಸ ಬಿಟ್ಟವರು. ಅದಕ್ಕೆ ಊರವರು ಆರು ತಿಂಗಳು ಅವರಿಗೆ ಕಿರಾಣಿ ಅಂಗಡಿಯಲ್ಲಿ ಉಪ್ಪು ಕೊಟ್ಟಿರಲಿಲ್ಲ. ಉಪ್ಪಿಲ್ಲದ ರೊಟ್ಟಿ ತಿಂದರು, ದನ ಮುಟ್ಟಲಿಲ್ಲ.

"ನಮ್ಮ ಮುತ್ಯಾ ಬಿಟ್ಟ ಕೆಲಸ ಅದು ಸಿದ್ದೇಶ್ವರ ಅವ್ರ" ಎಂದೆ. "ಜೀವ ಇರೂ ದನ ನಂದು. ಸತ್ತದ್ದು ನಿಮ್ದು. ತಗ್ಗ ತೋಡಿ, ಸುಣ್ಣಾ ಉಪ್ಪು ಹಾಕಿ ಹುಗೀರಿ."

"ಮೊರಂ ಭೂಮಿ, ಅದೂ ಮೇ ತಿಂಗಳು. ಯಾರ್ ತೋಡ್ತಾರ್ರಿ ತಗ್ಗ?"

"ನಿಮ್ಗ ಕೈ ಇಲ್ಲೇನ್ರಿ?" ಎಂದು ಮೋಟಾರ್‌ಸೈಕಲ್ ಒದ್ದು ಹೊರಟುಬಿಟ್ಟೆ. ಕಾಕಾ ತಲೆ ತಗ್ಗಿಸಿ ನಿಂತಿದ್ದನ್ನು ಕನ್ನಡಿಯಲ್ಲಿ ನೋಡಿದೆ.

ಮಾತು ಸರಿಯಾದದ್ದೇ ಆಡಿದೆ, ಈಗಲೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ನಾನು ಇಲಾಖೆಯ ಮನುಷ್ಯ. ತಗ್ಗು ತೋಡಿಸುವ ತನಕ ನಿಂತು, ಬೈದು, ಬೇಕಾದರೆ ಪಂಚಾಯ್ತಿಗೆ ಫೋನ್ ಮಾಡಿ ಹುಗಿಸಿ ಬರಬೇಕಾಗಿತ್ತು. ಸಿಟ್ಟಿನಲ್ಲಿ ಅದು ನೆನಪಾಗಲಿಲ್ಲ. ಅವರು ಹೆಣಕ್ಕೆ ಕೈ ಹಚ್ಚಲಿಲ್ಲ. ದೂರದಿಂದ ಹಗ್ಗ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆದೊಯ್ದು ಗಾಯರಾಣದ ಮೂಲೆಯಲ್ಲಿ ಬಿಟ್ಟು ಬಂದರು. ಮೊದಲೆಲ್ಲ ಔರಾದ ಕಡೆಯಿಂದ ಎಲುಬು ಆರಿಸುವವರು ಚೀಲ ಹಿಡಿದು ಬರುತ್ತಿದ್ದರಂತೆ, ಈಗ ಯಾರೂ ಬರುವುದಿಲ್ಲ. ನಾಯಿ ಹದ್ದು ತಿಂದು ಬಿಟ್ಟ ಮೇಲೆ ಚಾಂದಣಿಯ ಎಲುಬು ಹುಲ್ಲಿನಲ್ಲಿ ಅಲ್ಲೇ ಉಳಿಯಿತು. ಅದರ ಮಕ್ಕಳು ದಿನಾ ಅದೇ ಹುಲ್ಲಿಗೆ ಮೇಯಲು ಹೋಗುತ್ತಿದ್ದವು.

ಡಿಸೆಂಬರಿನಲ್ಲಿ ಬೀದರಿಗೆ ಒಂದು ತರಬೇತಿಗೆ ಹೋಗಬೇಕಾಯಿತು. ಚಾಂದಣಿಯ ಸಾವು ಮನಸ್ಸಿನಿಂದ ಹೋಗಿರಲಿಲ್ಲ, ಅದಕ್ಕೆ ಗಾಯರಾಣದ ಹುಲ್ಲು ಒಂದು ಸೂಡು ಕಟ್ಟಿಕೊಂಡು ಹೋದೆ. ಅಲ್ಲಿ ಮೇವು ಪರೀಕ್ಷೆ ಮಾಡುವ ಡಾಕ್ಟರ್ ಮುಸರ್ರತ ಮೇಡಂ ವಾರದ ಮೇಲೆ ಫೋನ್ ಮಾಡಿದರು.

"ಸಂಘಪಾಲ, ಈ ಹುಲ್ಲಿನಾಗ ಫಾಸ್ಫರಸ್ ಬೇಕಾದದ್ರ ಅರ್ಧಾ ಸುದ್ದಾ ಇಲ್ರಿ. ಮಣ್ಣಿನಾಗೇ ಇಲ್ಲಂದ್ರ ಹುಲ್ಲಿಗಿ ಎಲ್ಲಿಂದ ಬರಬೇಕು? ಹಾಲ್ ಕೊಡೂ ಆಕಳು ಇದನ್ನಷ್ಟೇ ತಿಂದ್ರ ತನ್ನ ಎಲುಬ್ ಕರಗ್ಸಿ ಹಾಲ್ ಕೊಡ್ತದ. ಆಮ್ಯಾಲ ಕಂಡದ್ದು ಕಡೀತದ. ಚಪ್ಪಲ್, ಅರಿವಿ, ಇಟ್ಟಂಗಿ, ಎಲುಬು."

"ಎಲುಬ್ ಕಡೀತದೇನ್ರಿ ಅಂತ ಕೇಳಿದ್ನಿ ಮೇಡಂ. ಇಲ್ಲ ಅಂದ್ರು."

"ಯಾರ್ ಹೂಂ ಅಂತಾರ್ರಿ?" ಎಂದರು ಮೇಡಂ. "ಅದು ಆಕಳ ಚಟಾ ಅಲ್ಲ, ಹಸಿವು. ಮಂದಿಗಿ ಅದು ತಿಳೀಬೇಕಲ್ಲ. ಖನಿಜದ ಪುಡಿ ಕೊಡ್ರಿ, ದಿನಾ ಒಂದ್ ಮುಟಿಗಿ. ಎರಡ್ ತಿಂಗಳಿನಾಗ ಕಡಿಯೂದು ಬಿಡ್ತಾವ."

ವಾಡಿಗೆ ಮೂವತ್ತು ಚೀಲ ಪುಡಿ ತಂದು ಮನೆಮನೆಗೆ ಕೊಟ್ಟೆ. ಕಾಕಾನ ಮನೆಗೆ ಎರಡು. ಕಾಕಾ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಎಲುಬಿನ ಪುಡಿ ಅಂತ ಮಂದಿ ಅಂತಾರಲ್ರಿ?"

"ಅಲ್ರಿ ಕಾಕಾ. ಕಲ್ಲ್ ಪುಡಿ ಮಾಡಿ ಮಾಡ್ಯಾರ. ಕೇಳಿ ಖಾತ್ರಿ ಮಾಡ್ಕೊಂಡೇ ತಂದೇನಿ."

"ಹಂಗಾರ ಸರಿ ಬಿಡ್ರಿ" ಎಂದು ನಕ್ಕು ಎರಡೂ ಕೈಯಿಂದ ತೆಗೆದುಕೊಂಡರು. ಒಳಗೆ ಕರೆದು ಚಹಾ ಕುಡಿಸಿದರು, ಬೆಳ್ಳಿ ಹೇಗೆ ಬೆಳೆದಿದೆ ನೋಡಿರಿ ಎಂದು ತೋರಿಸಿದರು. ಬೆಳ್ಳಿ ತಾಯಿಯ ತದ್ರೂಪವೇ ಆಗಿತ್ತು. ಮನೆಯಲ್ಲಿ ಅದನ್ನು ಯಾರೂ ಕಟ್ಟುತ್ತಿರಲಿಲ್ಲ, ಅಂಗಳದ ತುಂಬ ಓಡಾಡಿಕೊಂಡಿರುತ್ತಿತ್ತು. ನಾನು ಖುಷಿಯಾಗಿ ಹೊರಟೆ.

ಮುಂದಿನ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕಾಕಾನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಕಾಕಿ. ದನಿ ಗುಸುಗುಸು ಎನ್ನುತ್ತಿತ್ತು.

"ಸಾಹೇಬ್ರ, ನಾ ಶಿವಕಾಂತಾ. ಇವ್ರು ಜಳಕಕ್ಕ ಹೋಗ್ಯಾರ, ಜಲ್ದಿ ಹೇಳ್ತೇನಿ ಕೇಳ್ರಿ. ದೊಡ್ದೂ ನಡುವಿಂದೂ ಎರಡೂ ಬಿದ್ದಾವ. ಚಾಂದಣಿಗಿ ಆದಂಗೇ ಆಗ್ಯದ."

"ಈಗೇ ಬರ್ತೇನಿ ಕಾಕಿ."

"ತಡೀರಿ. ಅವು ಎಲುಬ್ ಕಡೀತಾವ್ರಿ. ಚಾಂದಣೀನೂ ಕಡೀತಿತ್ತು. ಗಾಯರಾಣಕ್ಕ ಹೋಗೂ ಮುಂದ ಇವ್ರು ಬಾಯಿಕುಕ್ಕಿ ಕಟ್ತಿದ್ರು, ಮೇಯ್ಲಕ ಬಿಚ್ಚಿದ್ರ ಮತ್ತ ಅಲ್ಲೇ ಓಡ್ತಿದ್ವು." ಕಾಕಿಯ ಉಸಿರು ಕೇಳಿಸಿತು. "ಈಗ ಇವು ತಮ್ಮ ಅವ್ವನ ಎಲುಬೇ ಕಡೀಲಕತ್ತ್ಯಾವ್ರಿ."

ಔರಾದದಿಂದ ವಾಡಿಯ ತನಕ ಹೇಗೆ ಗಾಡಿ ಓಡಿಸಿದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ಕಾಕಾಗೆ ಏನೇನು ಬೈಯಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಕೊಟ್ಟಿಗೆಗೆ ಹೋದವನೇ ಕೂಗಿದೆ. "ಕಾಕಾ, ನಿಮ್ಗ ಬುದ್ಧಿ ಅದ ಏನ್ರಿ? ಪುಡಿ ಕೊಟ್ಟಿದ್ನಲ್ರಿ, ಅದನ್ನೇನ್ ಮಾಡಿದ್ರಿ?"

ಕಾಕಾ ದೊಡ್ಡದರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಜೋತುಬಿದ್ದ ಅದರ ನಾಲಿಗೆಗೆ ಮಣ್ಣು ಹತ್ತಬಾರದೆಂದು ಕೆಳಗೆ ತಮ್ಮ ಟವೆಲ್ ಹಾಸಿದ್ದರು. ನನ್ನ ಬಾಯಿಯಿಂದ ಮುಂದಿನ ಬೈಗುಳ ಹೊರಡಲಿಲ್ಲ. ಒಳಗಿನಿಂದ ಕಾಕಿ ಪುಡಿಯ ಎರಡೂ ಚೀಲ ಹೊತ್ತು ತಂದು ನನ್ನ ಕಾಲ ಬಳಿ ಇಟ್ಟರು. ಬಾಯಿಯ ಹೊಲಿಗೆ ಸಹ ಬಿಚ್ಚಿರಲಿಲ್ಲ.

"ಸುಳ್ಳ್ ಹೇಳಿದ್ನಿ ಸಾಹೇಬ್ರ" ಎಂದರು ಕಾಕಾ. ತಲೆ ಎತ್ತಲಿಲ್ಲ. "ಲಿಂಗಾ ಕಟ್ಗೊಂಡವ್ರ ಮನಿ ಆಕಳು ಎಲುಬ್ ತಿಂತದ ಅಂತ ಗೊತ್ತಾದ್ರ ಇದರ ಹಾಲ್ ಯಾರ್ ಮುಟ್ತಾರ್ರಿ? ಇದರ ಹಾಲೇ ಬಸವಣ್ಣನ ಮ್ಯಾಲ ಹಾಕ್ತಾರ. ಊರಾಗ ನಮ್ಮ ಇಜ್ಜತ್ ಏನ್ ಉಳೀತಿತ್ತು? ನಾ ಏನೋ ಪಾಪ ಮಾಡೇನಿ, ಅದಕ್ಕ ಇವ್ಕ ಇಂಥಾ ಬುದ್ಧಿ ಬಂದದ ಅಂತ ತಿಳ್ಕೊಂಡಿದ್ನಿ. ದಿನಾ ಬಾಯಿ ತೊಳ್ದು ವಿಭೂತಿ ಹಚ್ತಿದ್ನಿ."

"ಪಾಪ ಅಲ್ರಿ ಕಾಕಾ. ಹುಲ್ಲಿನಾಗ ಸತ್ವ ಇಲ್ಲ, ಅಷ್ಟೇ. ಒಂದ್ ಮುಟಿಗಿ ಪುಡಿ ಹಾಕಿದ್ರ ಸಾಕಿತ್ತು."

"ಮತ್ತ ಅದೂ ಎಲುಬಿನ ಪುಡಿ ಆಗಿದ್ರ? ನಾನೇ ಕೈಯಾರೆ ತಿನ್ನಿಸಿದಂಗ ಆಗ್ತದ ಅಂತ ಅಟ್ಟದ ಮ್ಯಾಲ ಇಟ್ನಿ." ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಇವು ಉಳೀತಾವೇನ್ರಿ?"

"ಇಲ್ರಿ."

ಅವರು ಎದ್ದು ಒಂದು ಖಾಲಿ ಗೋಣಿಚೀಲ ತೆಗೆದುಕೊಂಡು ಗಾಯರಾಣದ ಕಡೆ ನಡೆದರು. ನಾನು ಹಿಂದೆ ಹೋದೆ. ಎಂಥ ಬಿಸಿಲು ಅದು, ಕಾಲ ಕೆಳಗೆ ಮೊರಂ ಸುಡುತ್ತಿತ್ತು. ಕಾಕಾ ಮೂಲೆಗೆ ಹೋಗಿ ಬಾಗಿ ಎಲುಬು ಆರಿಸತೊಡಗಿದರು. ಕೈಯಿಂದಲೇ, ಬರಿಗೈಯಿಂದ. ಚಾಂದಣಿಯದು, ಬೇರೆಯವರ ದನದ್ದು, ಯಾವ ಕಾಲದ್ದೋ, ಎಲ್ಲವನ್ನೂ. ಕೆಲವುಗಳ ಮೇಲೆ ಹಲ್ಲಿನ ಗುರುತು ಕಾಣುತ್ತಿತ್ತು. ಕೈಗೆ ಕವರ್ ಹಾಕಿಕೊಳ್ಳಿ ಎಂದು ಬ್ಯಾಗಿನಿಂದ ಕೈಗವಸು ತೆಗೆದು ಕೊಟ್ಟೆ, ನಾನೂ ಹಾಕಿಕೊಂಡು ಬಾಗಿದೆ.

ಕಾಕಾ ನನ್ನ ಕೈ ಹಿಡಿದರು. "ನೀವ್ ಬ್ಯಾಡ್ರಿ ಸಾಹೇಬ್ರ. ನಿಮ್ ಮುತ್ಯಾ ಬಿಟ್ಟ ಕೆಲಸ ಇದು. ನಂದು ನಾ ಮಾಡ್ತೇನಿ."

ನಾನು ಒಂದು ಕಲ್ಲಿನ ಮೇಲೆ ಕುಳಿತೆ. ಕಣ್ಣೀರು ಹಾಕಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮೂರು ಚೀಲ ತುಂಬಿದವು. ಒಂದು ತಾಸಿನ ಮೇಲೆ ಸಿದ್ದೇಶ್ವರ ಟ್ರ್ಯಾಕ್ಟರ್ ತಂದ, ಗುದ್ದಲಿ ಹಾರೆ ತಂದ, ನನ್ನ ಮುಖ ನೋಡದೆ ತಗ್ಗು ತೋಡಲು ಇಳಿದ. ಆಳುದ್ದ ತೋಡಿ, ಎಲುಬೆಲ್ಲ ಹಾಕಿ, ಸುಣ್ಣ ಸುರಿದು ಮುಚ್ಚಿದರು. ಮರುದಿನ ದೊಡ್ಡದೂ ನಡುವಿಂದೂ ಸತ್ತವು. ಅವನ್ನೂ ಅದರ ಪಕ್ಕದಲ್ಲೇ ಹುಗಿದರು. ಈ ಸಲ ಹಗ್ಗ ಕಟ್ಟಿ ಎಳೆಯಲಿಲ್ಲ. ಟ್ರಾಲಿಗೆ ಕೈಯಿಂದ ಎತ್ತಿ ಹಾಕಿದರು.

ಉಳಿದದ್ದು ಬೆಳ್ಳಿ ಒಂದೇ. ಅದು ಮೇವು ತಿನ್ನುತ್ತಿತ್ತು, ಓಡಾಡುತ್ತಿತ್ತು. ದೊಡ್ಡವುಗಳ ಹಿಂದೆ ಗಾಯರಾಣಕ್ಕೆ ಹೋಗುತ್ತಿತ್ತು, ಅಲ್ಲಿ ಎಲುಬು ಕಡಿದಿತ್ತೋ ಇಲ್ಲವೋ ಯಾರೂ ಕಣ್ಣಾರೆ ನೋಡಿರಲಿಲ್ಲ. ಕಡಿದಿದ್ದರೂ ವಿಷ ಏರಲು ಕೆಲವೊಮ್ಮೆ ಹತ್ತು ಹದಿನೈದು ದಿನ ಹಿಡಿಯುತ್ತದೆ, ನೋಡೋಣ ಎಂದೆ. ಕಾಕಾ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. "ಇವತ್ತ ಚಲೋ ತಿಂತ್ರಿ." "ಇವತ್ತ ಅಂಗಳದಾಗ ಜಿಗದಾಡ್ತು." ಪುಡಿಯನ್ನು ತಾವೇ ಅಂಗೈಯಲ್ಲಿ ಹಿಡಿದು ತಿನ್ನಿಸುತ್ತಿದ್ದರು, ಅದೂ ಕೈ ನೆಕ್ಕಿ ತಿನ್ನುತ್ತಿತ್ತಂತೆ. ಕಮಠಾಣದಿಂದ ಬಂದ ತಳಿ ಇದೊಂದರಲ್ಲಿ ಉಳಿದರೆ ಸಾಕು ಎಂದು ಒಂದು ದಿನ ಕಾಕಿ ಹೇಳಿದರು. ನಾನು ದೇವರ ಹತ್ತಿರ ಬೇಡುವವನಲ್ಲ. ಆದರೂ ಆ ವಾರ ಫೋನ್ ರಿಂಗಾದಾಗಲೆಲ್ಲ ಎತ್ತಲು ಕೈ ಹೆದರುತ್ತಿತ್ತು.

ಎಂಟನೆಯ ದಿನ ಹೋದಾಗ ಬೆಳ್ಳಿ ಮಲಗಿತ್ತು. ಕಾಕಾ ಅದರ ಬಾಯಿಯ ಹತ್ತಿರ ಅಂಗೈ ಚಾಚಿ ಕುಳಿತಿದ್ದರು, ಅಂಗೈಯಲ್ಲಿ ಪುಡಿ ಹಾಗೇ ಇತ್ತು. "ಮುಂಜಾನಿಂದ ಹಿಡ್ಕೊಂಡ್ ಕುಂತೇನ್ರಿ. ನಾಲಿಗಿ ಹೊರಗ ಬಂದದ, ಒಳಗ ಹೋಗವಲ್ದು" ಎಂದರು. ನಾನು ನಾಡಿ ನೋಡಿದಂತೆ ಮಾಡಿದೆ. ನೋಡುವುದು ಏನೂ ಉಳಿದಿರಲಿಲ್ಲ. ಮರುದಿನ ಮಧ್ಯಾಹ್ನ ಅದೂ ಹೋಯಿತು.

ಮುಂದಿನ ಸೋಮವಾರ ಗುಡಿಗೆ ಬನ್ನಿ ಎಂದು ಕಾಕಾ ನನ್ನನ್ನು ಕರೆಸಿದರು. ಯಾಕೆ ಎಂದು ಹೇಳಿರಲಿಲ್ಲ. ಹೋದೆ, ಕಟ್ಟೆಯ ಕೆಳಗೆ ನಿಂತೆ. ಅಭಿಷೇಕದ ಹೊತ್ತಾಗಿತ್ತು. ಹಾಲಿನ ಚರಿಗೆ ಬಂದಿರಲಿಲ್ಲ. ಊರಿನ ನಲವತ್ತು ಜನ ಸೇರಿದ್ದರು. ಕಾಕಾ ಎದ್ದು ನಿಂತರು.

"ನಮ್ಮ ಮನಿಯಿಂದ ಇನ್ನ ಹಾಲ್ ಬರಂಗಿಲ್ಲ" ಎಂದರು. "ನಮ್ಮ ಆಕಳು ಎಲುಬ್ ಕಡೀತಿದ್ವು. ಮೂರ್ ವರ್ಷದಿಂದ ನಂಗ ಗೊತ್ತಿತ್ತು. ಗೊತ್ತಿದ್ದೂ ನಿಮ್ಗ ಅದೇ ಹಾಲ್ ಕೊಟ್ನಿ. ನಿಮ್ಗ ಏನ್ ಅನ್ನೂದದ ಅನ್ರಿ. ಆದ್ರ ಯಾರ ಮನಿ ದನಾ ಕಡೀತಾವ ಅವ್ರು ಇಲ್ಲಿ ನಿಂತಿರೂ ಸಾಹೇಬ್ರಿಗಿ ಇವತ್ತೇ ಹೇಳ್ರಿ. ಅದು ದನದ ತಪ್ಪಲ್ಲಂತ. ಹುಲ್ಲಿನ ಕೊರತಿ ಅಂತ."

ಕಾಕಾಗೆ ಉಗುಳುತ್ತಾರೇನೋ ಎಂದು ನಾನು ಮುಷ್ಟಿ ಬಿಗಿದು ನಿಂತಿದ್ದೆ. ಮೊದಲು ಬಾಯಿ ತೆಗೆದವನು ಸಿದ್ದೇಶ್ವರ.

"ನಮ್ಮ ಎಮ್ಮೀನೂ ಕಡೀತದ" ಎಂದ, ನೆಲ ನೋಡುತ್ತ.

ಆಮೇಲೆ ಒಬ್ಬ ಮುದುಕಿ, "ನಮ್ದೂ." ಹಿಂದಿನಿಂದ ಇನ್ನೊಬ್ಬ. ಹನ್ನೊಂದು ಮನೆ! ಹನ್ನೊಂದು ಮನೆಯವರೂ ಬಾಯಿಕುಕ್ಕಿ ಹೆಣೆದು ಬಾಗಿಲ ಹಿಂದೆ ಮುಚ್ಚಿಟ್ಟುಕೊಂಡು, ಊರಲ್ಲಿ ತಮ್ಮ ಮನೆಯೊಂದಕ್ಕೇ ಈ ಹೇಸಿಗೆ ಬಂದಿದೆ ಎಂದು ಇಷ್ಟು ವರ್ಷ ಹೆದರಿಕೊಂಡು ಕುಳಿತಿದ್ದರು. ನಾನು ಕೊಟ್ಟ ಪುಡಿಯ ಚೀಲ ಎಷ್ಟೋ ಮನೆಯಲ್ಲಿ ಅಟ್ಟದ ಮೇಲೆಯೇ ಇತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವತ್ತೇ ಮನೆಮನೆಗೆ ಹೋಗಿ ಚೀಲದ ಬಾಯಿ ಬಿಚ್ಚಿಸಿದೆ. ಅದರ ನಂತರ ಆ ವಾಡಿಯಲ್ಲಿ ಹಾಗೆ ಬಿದ್ದು ಸತ್ತ ದನ ಒಂದೂ ಇಲ್ಲ.

ಮಳೆಗಾಲದಲ್ಲಿ ಒಮ್ಮೆ ಅತ್ತ ಹೋದವನು ಕಾಕಾನ ಮನೆಗೆ ಹೋದೆ. ಕೊಟ್ಟಿಗೆಯನ್ನು ಗುಡಿಸಿ ಸಾರಿಸಿ ಇಟ್ಟಿದ್ದರು. ಅಲ್ಲಿ ಏನೂ ಇರಲಿಲ್ಲ. ಬಸವೇಶ್ವರಿ ಕಮಠಾಣದಿಂದ ಒಂದು ಮಣಕ ಕೊಡಿಸುತ್ತೇನೆ ಎಂದರೂ ಅಪ್ಪ ಒಪ್ಪಲಿಲ್ಲವಂತೆ. ಕಾಕಾ ಬಹಳ ಇಳಿದುಹೋಗಿದ್ದರು. ಪಡಸಾಲೆಯಲ್ಲಿ ನನ್ನನ್ನು ಕೂರಿಸಿ, ಬಹಳ ಹೊತ್ತು ಮಳೆಯ ಮಾತು, ಸೋಯಾಬೀನಿನ ಮಾತು ಆಡಿದರು. ಕಾಕಿ ಚಹಾಕ್ಕೆಂದು ಅಂಗಡಿಯಿಂದ ಹಾಲಿನ ಪಾಕೀಟು ತರಿಸಿದರು.

"ಸಾಹೇಬ್ರ, ಒಂದ್ ಮಾತ್ ಖರೇ ಹೇಳ್ರಿ" ಎಂದರು ಕಾಕಾ ಕೊನೆಗೆ. "ಚಾಂದಣಿ ಬಿದ್ದಾಗ ನೀವ್ ಕೇಳಿದ್ರಿ. ಆವತ್ತ ನಾ ಹೂಂ ಅಂದಿದ್ರ ಉಳಿದ ಮೂರೂ ಬದುಕ್ತಿದ್ವೇನ್ರಿ?"

ಇಲ್ಲ ಎನ್ನಬಹುದಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮನುಷ್ಯ ಗುಡಿಯ ಮುಂದೆ ನಿಂತು ಅಷ್ಟು ಹೇಳಿದ ಮೇಲೆ ಅವರ ಮುಖ ನೋಡಿ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಬದುಕ್ತಿದ್ವು ಕಾಕಾ" ಎಂದೆ.

ಅವರು ತಲೆ ಆಡಿಸಿದರು. ಅಡುಗೆ ಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಅಕಿಗಿ ಹೇಳ್ಬ್ಯಾಡ್ರಿ. ತವರಿಂದ ಬಂದ ತಳಿ ಅದು. ಅದನ್ನ ಕೇಳಿದ್ರ ತಡ್ಕೊಳ್ಳಂಗಿಲ್ಲ."

ಕಾಕಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನಂಗ ಆವತ್ತೇ ಗೊತ್ತದ" ಎಂದರು. "ಉಳಿದವ್ನ ಉಳಸ್ಬೌದು ಅಂತ ಸಾಹೇಬ್ರು ಹೇಳ್ದಾಗ ನಾ ಕೊಟಗಿ ಬಾಗಿಲಿನಾಗೇ ನಿಂತಿದ್ದೆ. ನಿಮ್ಮ ಇಜ್ಜತಿಗಿ ನಾನೂ ಬಾಯಿ ಮುಚ್ಕೊಂಡೆ."

ತಟ್ಟೆ ಕೆಳಗಿಟ್ಟು, ಗಂಡನ ಪಕ್ಕದಲ್ಲಿ ಬರಿ ನೆಲದ ಮೇಲೆ ಕುಳಿತರು. ಮೂವರಲ್ಲಿ ಯಾರೂ ಚಹಾ ಮುಟ್ಟಲಿಲ್ಲ.